ಹೋರಿಯ ಹತ್ತಿರ ಇದ್ದ ಮಾತು

"ಬಾಯಿ ಇಲ್ಲದ ಮೇಷ್ಟ್ರು ಪಾಠ ಹೆಂಗ ಹೇಳ್ತಾರ?"

ನಿಂಗನಗೌಡರು ಇದನ್ನು ಕೇಳಿದ್ದು ನನ್ನನ್ನಲ್ಲ. ಕೆರೆಯ ಪಕ್ಕದ ಖಾಲಿ ಬಯಲಿಗೆ ಮುಖ ಮಾಡಿ, ಕೈ ಎರಡೂ ಬೆನ್ನ ಹಿಂದೆ ಕಟ್ಟಿಕೊಂಡು ಕೇಳಿದರು. ಬಯಲಲ್ಲಿ ಒಂದು ಕತ್ತೆ ಮೇಯುತ್ತಿತ್ತು. ಅದು ತಲೆ ಎತ್ತಿ ಗೌಡರನ್ನು ನೋಡಿ, ಸಂಬಂಧವಿಲ್ಲ ಅನ್ನಿಸಿ, ಮತ್ತೆ ಹುಲ್ಲಿಗೆ ಬಾಯಿ ಹಾಕಿತು. ನಾನು ಅಳತೆ ಟೇಪು ಹಿಡಿದು ಅವರ ಹಿಂದೆ ನಿಂತಿದ್ದೆ. ಪ್ರಶ್ನೆ ನನಗಲ್ಲವಾದ್ದರಿಂದ ಸುಮ್ಮನಿದ್ದೆ. ನನಗೇ ಆಗಿದ್ದರೂ ಸುಮ್ಮನಿರುತ್ತಿದ್ದೆನೇನೋ. ನಾನು ಮೊದಲಿನಿಂದಲೂ ಕೇಳುವವರ ಪೈಕಿ, ಹೇಳುವವರ ಪೈಕಿ ಅಲ್ಲ.

ದೀಪಾವಳಿ ಪಾಡ್ಯದ ದಿನ ನಮ್ಮೂರಲ್ಲಿ ಹೋರಿ ಬೆದರಿಸುತ್ತಾರೆ. ಕೊಂಬಿಗೆ ಬಣ್ಣ ಬಳಿದು, ಬಲೂನು ಕಟ್ಟಿ, ಕೊರಳಿಗೆ ಒಣಕೊಬ್ಬರಿಯ ಸರ ಹಾಕಿ ಹೋರಿಯನ್ನು ಬೀದಿಗೆ ಬಿಡುತ್ತಾರೆ. ಅದು ಓಡುತ್ತದೆ, ಗಂಡಸರು ಬೆನ್ನು ಹತ್ತುತ್ತಾರೆ, ಸರ ಹರಿದವನು ಗೆದ್ದ. ಸುತ್ತಲಿನ ಊರುಗಳಲ್ಲೂ ಇದು ಉಂಟು. ನಮ್ಮೂರಲ್ಲಿ ಸರ ಹರಿದವನ ಮಾತು ಆ ಹೋರಿಯ ಹತ್ತಿರ ಹೋಗುತ್ತದೆ, ಅವನು ಮೂಕನಾಗುತ್ತಾನೆ. ಮರುವರ್ಷ ಪಾಡ್ಯದ ದಿನ ಅದೇ ಹೋರಿ ಅವನ ಮುಂದೆ ಓಡಿ ಹಾದರೆ ಮಾತು ಹಿಂದಿರುಗುತ್ತದೆ. ಅಷ್ಟೆ.

ಅಷ್ಟಕ್ಕೆ ತಕ್ಕಂತೆ ಊರು ತನ್ನ ಬಾಳುವೆ ಮಾಡಿಕೊಂಡಿದೆ. ಗೆದ್ದವನು ಬಲಗೈ ಮಣಿಕಟ್ಟಿಗೆ ಗೆಜ್ಜೆ ಕಟ್ಟಿಕೊಳ್ಳುತ್ತಾನೆ. ಒಮ್ಮೆ ಆಡಿಸಿದರೆ ಹೌದು, ಎರಡು ಸಲ ಆಡಿಸಿದರೆ ಅಲ್ಲ, ಬಿಡದೆ ಆಡಿಸಿದರೆ ಸಿಟ್ಟು ಬಂದಿದೆ ಎಂದರ್ಥ. ಹಬ್ಬ ಹತ್ತಿರ ಬಂದರೆ ಕೆಲವು ಹೆಂಗಸರು ಗಂಡಂದಿರಿಗೆ, "ಈ ವರ್ಷ ನೀವೂ ಓಡ್ರಿ, ಮೈಗೆ ಚಲೋ" ಎಂದು ಹಾಲು ತುಪ್ಪ ಬಡಿಸುತ್ತಾರೆ. ಅಡತಿ ಅಂಗಡಿಯಲ್ಲಿ ಹರಾಜು ಕೂಗುವ ಮೌಲಾಸಾಬ ಮಾತ್ರ ಪಾಡ್ಯದ ದಿನ ಒಳಗಿನಿಂದ ಅಗಳಿ ಹಾಕಿಕೊಂಡು ಮಲಗುತ್ತಾನೆ. ಕ್ಷೌರದ ಹನುಮಂತ ಒಂದು ವರ್ಷ ಸರ ಹರಿದು ಬಾಯಿ ಕಳೆದುಕೊಂಡಾಗ ಗಿರಾಕಿಗಳು ತಪ್ಪುತ್ತಾರೆ ಅಂದುಕೊಂಡಿದ್ದೆವು, ದುಪ್ಪಟ್ಟಾದರು. ಹೋರಿಗಳನ್ನಂತೂ ಮನೆಮಂದಿಗಿಂತ ಹೆಚ್ಚು ನೋಡಿಕೊಳ್ಳುತ್ತಾರೆ. ಏಕೆಂದರೆ ಹೋರಿ ಸತ್ತರೆ ಮಾತೂ ಅದರ ಸಂಗಡ ಮಣ್ಣಿಗೆ ಹೋಗುತ್ತದೆ. ಕುಂಬಾರ ಚಂದ್ರಾಮನ ಹೋರಿಗೆ ಹಾವು ಕಚ್ಚಿದಾಗ ಅವನಿನ್ನೂ ಮದುವೆಯಾಗದ ಹುಡುಗ. ಈಗ ಅವನ ಮೊಮ್ಮಕ್ಕಳು ಅಜ್ಜನ ಗೆಜ್ಜೆಯ ಸಪ್ಪಳದ ಮೇಲೆಯೇ ಅವನಿಗೆ ಬೇಕಾದದ್ದು ನೀರೋ ಎಲೆ ಅಡಿಕೆಯೋ ಎಂದು ಹೇಳಬಲ್ಲರು.

ಗೌಡರ ಪೇಚಾಟಕ್ಕೆ ಕಾರಣವಿತ್ತು. ಇದು ಪ್ರಾಣಿಹಿಂಸೆ, ನಿಲ್ಲಿಸಬೇಕು ಎಂದು ಹೊರಗಿನವರು ದೂರು ಕೊಟ್ಟಿದ್ದರು. ನಿಲ್ಲಿಸುವುದೂ ಕಷ್ಟ, ಬಿಡುವುದೂ ಕಷ್ಟವಾಗಿ ಮೇಲಿನ ಕಚೇರಿಯವರು ನಡುವಿನ ದಾರಿ ಹಿಡಿದಿದ್ದರು. ತರಬೇತಿ ಇಲ್ಲದ ಮನುಷ್ಯ ಓಡಕೂಡದು, ತರಬೇತಿ ಇಲ್ಲದ ಹೋರಿ ಬಿಡಕೂಡದು. ಹಬ್ಬದೊಳಗೆ ಒಂದು ಹೋರಿ ಅಕಾಡೆಮಿ ಕಟ್ಟಿ, ಇಲ್ಲವೇ ಹಬ್ಬ ಕೈಬಿಡಿ. ಹಬ್ಬದ ಕಮಿಟಿಗೆ ಗೌಡರು ಅಧ್ಯಕ್ಷರು. ಜಾಗ ಇತ್ತು, ದೇಣಿಗೆ ಕೊಡುವವರಿದ್ದರು. ಮೇಷ್ಟ್ರ ಪ್ರಶ್ನೆಯೊಂದೇ ಬಗೆಹರಿಯಲಿಲ್ಲ. ಸರ ಹರಿಯುವ ವಿದ್ಯೆ ಬಲ್ಲವರು ವರ್ಷ ವರ್ಷವೂ ಹರಿಯುತ್ತಾರೆ. ಹಿಂದಿನ ವರ್ಷದ ಮಾತು ಬಂದ ಗಳಿಗೆಯಲ್ಲೇ ಇನ್ನೊಂದು ಹೋರಿಯ ಬೆನ್ನು ಹತ್ತಿರುತ್ತಾರೆ. ಹೀಗಾಗಿ ನಮ್ಮೂರಲ್ಲಿ ಬಲ್ಲವರಿಗೆ ಬಾಯಿಲ್ಲ, ಬಾಯಿದ್ದವರಿಗೆ ಬಾರದು.

"ಅಡಿವಯ್ಯಾ," ಎಂದರು ಗೌಡರು, ಈಗ ನನ್ನ ಕಡೆ ತಿರುಗಿ. "ನೀ ಮನಿ ನಕ್ಷೆ ತೆಗೆಯಾಂವ. ಇದೂ ಒಂದ್ ಮನೀನ ಅಂತ ತಿಳಕೊ. ಗ್ವಾಡಿ, ಬಾಗ್ಲಾ, ಕಿಡಕಿ. ಯಾರ್ ಕಲಸ್ತಾರ ಅನ್ನೂದ ಆಮ್ಯಾಲ."

ಒಪ್ಪಿಕೊಂಡೆ. ಒಪ್ಪಿಕೊಳ್ಳಲು ನನಗೆ ನನ್ನದೇ ಆದ ಕಾರಣವಿತ್ತು. ಹಬ್ಬ ನಡೆಯದಿದ್ದರೆ ನಮ್ಮ ಗದಿಗಯ್ಯ ಮಾವನ ಮಾತು ಬರುವುದಿಲ್ಲ.

ಗದಿಗಯ್ಯ ಮಾವ ನನ್ನ ಸೋದರಮಾವ, ಮಠದಲ್ಲಿ ಪುರಾಣ ಓದುವವರು. ನಾನು ಕೂಸಾಗಿದ್ದಾಗ ಅವ್ವನಿಗೆ ಜೋಗುಳ ಹಾಡಲು ಪುರಸೊತ್ತು ಇರಲಿಲ್ಲವಂತೆ. ತೊಟ್ಟಿಲನ್ನೇ ತಂದು ಮಠದ ಪಡಸಾಲೆಯಲ್ಲಿ ಮಾವನ ಓದಿನ ಮುಂದೆ ಇಟ್ಟು ರೊಟ್ಟಿ ಬಡಿಯಲು ಹೋಗುತ್ತಿದ್ದಳಂತೆ. ಹಾಗಾಗಿ ಷಟ್ಪದಿ ನನಗೆ ಕಿವಿಯ ಮೂಲಕ ಹೋದದ್ದಲ್ಲ, ನಿದ್ದೆಯ ಮೂಲಕ ಹೋದದ್ದು. ಮಾವ ಮೂರನೆಯ ಸಾಲಿನ ಕೊನೆಗೆ ದನಿಯನ್ನು ಎಳೆದು ಹಿಡಿದರೆ ಕೂತವರೆಲ್ಲ ಉಸಿರು ಹಿಡಿಯುತ್ತಿದ್ದರು. ಆರನೆಯ ಸಾಲಿಗೆ ಬಿಟ್ಟುಕೊಟ್ಟಾಗಲೇ ನಾವೂ ಬಿಡುತ್ತಿದ್ದೆವು. ನನಗೆ ದೇವರ ವಿಚಾರದಲ್ಲಿ ಬೇರೆ ಜ್ಞಾನವಿಲ್ಲ. ಆ ಹಿಡಿದು ಬಿಡುವ ಉಸಿರಿನ ನಡುವೆ ಶಿವ ಎಲ್ಲೋ ಇದ್ದಾನೆ ಎಂದು ನಂಬಿದವನು ನಾನು.

ಮಾವ ಹೋರಿ ಹಿಡಿಯುವವರೇ ಅಲ್ಲ. ಹಿಂದಿನ ಪಾಡ್ಯದ ದಿನ ಮಠದ ಕಟ್ಟೆಯ ಮೇಲೆ ಸುಮ್ಮನೆ ಕೂತಿದ್ದರು. ಗುತ್ತೆವ್ವನ ಹೋರಿ ಓಡಿಬಂತು. ಅದರ ಪೂರ್ತಿ ಹೆಸರು 'ಸಂತಿ ಕೆಡಿಸಿದ ಸರದಾರ'. ಊರವರು ಸರದಾರ ಅನ್ನುತ್ತಾರೆ. ಅದರ ಕೊಬ್ಬರಿ ಸರದ ಒಂದು ಗಂಟು ಕಳಚಿ ಮುಂಗಾಲಿಗೆ ತೊಡರುತ್ತಿತ್ತು. ಇನ್ನೇನು ಮುಗ್ಗರಿಸುತ್ತದೆ ಎಂದು ಮಾವ ಕಟ್ಟೆಯಿಂದ ಬಾಗಿ ಸರವನ್ನು ಎಳೆದು ಬಿಡಿಸಿದರು. ಸರ ಕೈಗೆ ಬಂತು. "ಎಚ್ಚರ..." ಅಂದದ್ದು ಅರ್ಧಕ್ಕೇ ನಿಂತಿತು.

ಆವತ್ತಿಗೆ ಓದಿನಲ್ಲಿ ರಾಣಿಯೊಬ್ಬಳು ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು ತುಂಬಿದ ಹೊಳೆಯಲ್ಲಿ ಒಂದು ಕಾಲು ಇಟ್ಟಿದ್ದಳು. ವರ್ಷವಿಡೀ ಅವಳು ಹಾಗೆಯೇ ನಿಂತಿದ್ದಾಳೆ. ನಡುವೆ ಮಠದವರು ಬೇರೆ ಊರಿನಿಂದ ಒಬ್ಬ ಶಾಸ್ತ್ರಿಯನ್ನು ಮೈಕಿನ ಸಮೇತ ಕರೆಸಿದರು. ಅವನು ಒಂದೇ ಸಂಜೆಯಲ್ಲಿ ರಾಣಿಯನ್ನು ಹೊಳೆ ದಾಟಿಸಿ, ಮಗುವಿಗೆ ಜವಳವನ್ನೂ ತೆಗೆಸಿಬಿಟ್ಟ. ಹೆಂಗಸರು ಒಪ್ಪಲಿಲ್ಲ. "ಅಷ್ಟ್ ತುಂಬಿದ ಹೊಳಿ, ಅಷ್ಟ್ ಸಲೀಸ ದಾಟ್ತಾಳೇನು? ಅಯ್ಯಾರ ಬರ್ಲಿ, ಅವರ ದಾಟಸ್ಲಿ" ಎಂದು ಎದ್ದು ಹೋದರು.

ನಾನು ಬರೆದ ಮೊದಲ ನಕ್ಷೆಯಲ್ಲಿ ನಾಲ್ಕು ಕೋಣೆ, ಬೆಂಚು, ಕರಿಹಲಗೆ, ಮುಂದೆ ಧ್ವಜದ ಕಂಬ ಇದ್ದವು. ಗೌಡರ ಪಡಸಾಲೆಯಲ್ಲಿ ಹಿಂದಿನ ವರ್ಷ ಗೆದ್ದವರನ್ನೆಲ್ಲ ಕೂಡಿಸಿ ನಕ್ಷೆ ಹಾಸಿದೆವು. ಅವರು ನೋಡಿದರು. ಒಬ್ಬ ಗೆಜ್ಜೆಯನ್ನು ಎರಡು ಸಲ ಆಡಿಸಿದ. ಇನ್ನೊಬ್ಬ ಎರಡು ಸಲ ಆಡಿಸಿದ. ಆಮೇಲೆ ಎಲ್ಲರ ಭುಜವೂ ಕುಣಿಯತೊಡಗಿತು. ನಗುತ್ತಿದ್ದಾರೆ ಎಂದು ಗೊತ್ತಾಯಿತು. ಸದ್ದಿಲ್ಲದ ನಗುವಿನ ನಡುವೆ ಕೂರುವುದು ಸದ್ದಿನ ನಗುವಿಗಿಂತ ಕಷ್ಟ. ಮೂಲೆಯಲ್ಲಿದ್ದ ಗದಿಗಯ್ಯ ಮಾವ ನಗಲಿಲ್ಲ. ಎದ್ದು ಬಂದು, ನನ್ನ ಮಣಿಕಟ್ಟು ಹಿಡಿದು, ಓಣಿಯುದ್ದಕ್ಕೂ ನಡೆಸಿಕೊಂಡು ಗುತ್ತೆವ್ವನ ಕೊಟ್ಟಿಗೆಗೆ ಕರೆದೊಯ್ದು ಸರದಾರನ ಪಕ್ಕದಲ್ಲಿ ಕೂರಿಸಿದರು.

ಗುತ್ತೆವ್ವ ಸಂತೆಯಲ್ಲಿ ಮೆಣಸಿನಕಾಯಿ ಮಾರುವವಳು. ಗಂಡ ತೀರಿಹೋಗಿ ವರ್ಷಗಳಾಗಿದ್ದವು. ಮಕ್ಕಳಿರಲಿಲ್ಲ, ಇದ್ದಿದ್ದರೂ ಅವು ಸರದಾರನ ನಂತರವೇ ಎಂದು ಅವಳೇ ಹೇಳುತ್ತಿದ್ದಳು.

"ಬಾರಪಾ ಇಂಜನೇರ," ಎಂದಳು. "ಸಾಲಿ ಕಟ್ಟಾಕ ದನದ ಕ್ವಾಟಗಿಗೆ ಬಂದಿ. ಶಾಣ್ಯಾ ಅದಿ."

"ಮಾವ ಕರ್ಕೊಂಡ್ ಬಂದ್ರು."

"ಅವರು ದಿನಾ ಬರ್ತಾರ. ಇಲ್ಲೇ ಕುಂದರ್ತಾರ. ನಾ ಏನ್ ಅಂತೀನಿ ಅಂದ್ರ, ಕುಂದರ್ರಿ, ನಿಮ್ ಸಾಮಾನು ನಮ್ಮನ್ಯಾಗ ಐತಿ, ನೋಡ್ಕೊಂಡ್ ಹೋಗೂದು ನಿಮ್ಮ ಹಕ್ಕು." ಬೇಯಿಸಿದ ಹುರುಳಿಯ ಬುಟ್ಟಿಯನ್ನು ಸರದಾರನ ಮುಂದೆ ಸರಿಸಿದಳು. "ಇವಗ ಎರಡೂ ಹೊತ್ತು ಹುರುಳಿ ಹಾಕ್ತೀನಿ. ಅಯ್ಯಾರ ಮಾತು ಹೊಟ್ಟ್ಯಾಗ ಐತಿ. ಇಂವ ಹಸದ್ರ ಅಲ್ಲಿ ಪುರಾಣ ಸೊರಗತೈತಿ."

ಮಾವ ಕಣ್ಣು ಮುಚ್ಚಿ ಕೂತರು. ನಾನೂ ಮುಚ್ಚಿದೆ. ಸ್ವಲ್ಪ ಹೊತ್ತು ಏನೂ ಇಲ್ಲ, ನೊಣ. ಆಮೇಲೆ ಸರದಾರನ ಉಸಿರು ಕೇಳಿಸಿತು. ಎಳೆದುಕೊಳ್ಳುವುದು ಉದ್ದ, ಒಂದು ತಡೆ, ಬಿಡುವುದು ಇನ್ನೂ ಉದ್ದ. ಓಣಿಯಲ್ಲಿ ಯಾರೋ ಡಬ್ಬ ಬೀಳಿಸಿದರು. ಉಸಿರು ಗಿಡ್ಡವಾಯಿತು, ತಡೆ ಹೋಯಿತು. ಕಾಲು ಎತ್ತುವ ಮೊದಲೇ ಹೋರಿ ಓಡಲು ಹೊರಟಿದೆ ಎಂದು ನನಗೆ ತಿಳಿದುಹೋಯಿತು. ಇದಕ್ಕೆ ಮೇಷ್ಟ್ರ ಬಾಯಿ ಯಾಕೆ ಬೇಕು?

ಎರಡನೆಯ ನಕ್ಷೆ ಅಲ್ಲಿಂದ ಶುರುವಾಯಿತು. ನಟ್ಟನಡುವೆ ದುಂಡನೆಯ ಕೊಟ್ಟಿಗೆ, ಅದರ ಸುತ್ತ ಮಣ್ಣಿನ ಕಟ್ಟೆ. ಕಲಿಯಲು ಬಂದವರು ಮೊದಲು ಅಲ್ಲಿ ಕೂತು ಕೇಳಬೇಕು, ಬೇರೇನೂ ಇಲ್ಲ. ಹೋರಿಯ ಉಸಿರು ಕೇಳಲು ಕಲಿತವನಿಗೆ ಮಾತ್ರ ಓಡುವ ಓಣಿಗೆ ಬಾಗಿಲು. ಓಣಿಯನ್ನು ಹೊಳೆಯ ಮರಳು ಹಾಕಿ, ಕೊನೆಗೆ ಅಗಲವಾಗುತ್ತಾ ಹೋಗುವಂತೆ ಬರೆದೆ. ದಿಕ್ಕೆಟ್ಟ ಹೋರಿಗೆ ಗೋಡೆಯಲ್ಲ, ಬಯಲು ಕಾಣಬೇಕು. ಗೋಡೆಯುದ್ದಕ್ಕೂ ಮನುಷ್ಯನೊಬ್ಬ ಸರಿದು ನಿಲ್ಲುವಷ್ಟು ಗೂಡುಗಳು. ಕಲಿಯುವವರಿಗಾಗಿ ಬಡಗಿ ಈರಣ್ಣ ಗಾಲಿಯ ಮೇಲೆ ಮರದ ಹೋರಿ ಮಾಡಿಕೊಟ್ಟ. ನಿಜವಾದ ಕೊಂಬು ಇಟ್ಟು, ಹುಬ್ಬನ್ನೂ ಬರೆದಿದ್ದ. ಹೋರಿಗೆ ಹುಬ್ಬು ಎಲ್ಲಿಯದು ಎಂದು ಕೇಳಿದರೆ, "ಇದ್ರ ಛಂದ ಕಾಣ್ತಿತ್ತು ಅಂತ" ಎಂದ. ಓಣಿಯ ನಾಯಿಗಳು ನಿಜವಾದ ಹೋರಿಗಿಂತ ಅದಕ್ಕೆ ಹೆಚ್ಚು ಹೆದರಿದವು.

ಮೇಲಿನ ಕಚೇರಿಯಿಂದ ಪರಿಶೀಲನೆಗೆ ಬಂದವರು ದನದ ಡಾಕ್ಟರು, ವಾಸಂತಿ ಎಂದು ಹೆಸರು. ನಾವು ಜಗಳಕ್ಕೆ ತಯಾರಾಗಿದ್ದೆವು. ಅವರು ಜಗಳ ಮಾಡಲಿಲ್ಲ. ಮರಳು ಮುಟ್ಟಿ ನೋಡಿದರು, ಗೂಡಿನೊಳಗೆ ತಾವೇ ನಿಂತು ನೋಡಿದರು. ಆಮೇಲೆ ಗುತ್ತೆವ್ವನನ್ನು ಕೇಳಿದರು, "ಅಮ್ಮಾ, ಒಂದು ಮಾತು. ಈ ಓಟ ನಿಮಗೆ ಬೇಕು, ಇವರಿಗೆ ಬೇಕು. ಹೋರಿಗೆ ಬೇಕಾ?"

"ಹೋರಿಗೆ ಬ್ಯಾಡಾಗಿದ್ರ ಓಡ್ತಿತ್ತೇನ್ರಿ?"

"ಹೆದರಿದರೂ ಓಡುತ್ತಲ್ಲ."

ಗುತ್ತೆವ್ವ ಮಾತಿಗೆ ಸೋತವಳಲ್ಲ. "ನನ್ ಗಂಡಗ ನಾ ಇಷ್ಟ ಹುರುಳಿ ಬೇಯ್ಸಿ ಹಾಕಿಲ್ಲ ಬಿಡ್ರಿ," ಎಂದು ನಗಿಸಿ ದಾಟಿಬಿಟ್ಟಳು. ಆದರೆ ಡಾಕ್ಟರು ಹೋದ ಮೇಲೆ ಬಹಳ ಹೊತ್ತು ಸರದಾರನ ಕೊರಳಿನ ಗಂಗೆದೊಗಲು ತಿಕ್ಕುತ್ತಾ ನಿಂತಿದ್ದಳು. ನಾನು ಕಂಡೆ. ಕೇಳುವವರಿಗೆ ಇದೊಂದು ತೊಂದರೆ. ಎರಡೂ ಕಡೆಯದು ಕೇಳಿಸುತ್ತದೆ.

ಅಲ್ಲಿಯವರೆಗೆ ಎಲ್ಲ ಸರಿಯಿತ್ತು. ನಾನು ಬಾಗಿಲಿನ ಕಟ್ಟಿಗೆ ತರಲು ಬೇರೆ ಊರಿಗೆ ಹೋದಾಗ ಗೌಡರು ಮರಳಿನ ಮೇಲೆ ಬಂಡೆ ಹಾಸಿಬಿಟ್ಟರು. ದೇಣಿಗೆ ಕೊಟ್ಟವರು ತಮ್ಮ ತಂದೆತಾಯಿಯ ಹೆಸರು ಎಲ್ಲಿ ಕೆತ್ತಿಸುತ್ತೀರಿ ಎಂದು ಕೇಳಿದ್ದರಂತೆ. ಮರಳಿನಲ್ಲಿ ಹೆಸರು ನಿಲ್ಲುವುದಿಲ್ಲ. ಹಾಗಾಗಿ ನುಣ್ಣನೆಯ ಕರಿಕಲ್ಲು, ಒಂದೊಂದರ ಮೇಲೂ ಒಬ್ಬೊಬ್ಬ ಹಿರಿಯರು.

"ಗೌಡ್ರ, ಹೋರಿ ಜಾರ್ತಾವ್ರಿ," ಎಂದೆ. ನನ್ನ ಮಟ್ಟಿಗೆ ಅದು ದೊಡ್ಡ ಭಾಷಣ.

"ಹಿರ್‍ಯಾರ ಹೆಸರಿನ ಮ್ಯಾಲ ಯಾರರ ಜಾರ್ತಾರೇನೋ? ಹಿಡದ್ ನಿಲ್ಲಸ್ತಾರ ಅವ್ರು."

ಪ್ರಯೋಗದ ಓಟಕ್ಕೆ ಸರದಾರನನ್ನೇ ಮೊದಲು ಬಿಟ್ಟರು. ಅದು ಗೌಡರ ಸ್ವಂತ ತಂದೆಯವರ ಹೆಸರಿನ ಮೇಲೆ ಜಾರಿ ಬಿತ್ತು. ಬಿದ್ದ ಸದ್ದಿಗೆ ಗುತ್ತೆವ್ವ ಓಡಿದ್ದನ್ನು ನೋಡಿದರೆ, ಆ ವಯಸ್ಸಿನಲ್ಲಿ ಅವಳೇ ಹೋರಿ ಹಿಡಿಯಬಹುದಿತ್ತು.

ಡಾಕ್ಟರು ಮತ್ತೆ ಬಂದರು. ಮುಂಗಾಲಿನ ಮೊಣಕಾಲು ಒತ್ತಿ ನೋಡಿ, ಪಟ್ಟಿ ಕಟ್ಟಿ, ಕೈ ತೊಳೆದುಕೊಂಡು ಹೇಳಿದರು. "ನಡೆಯುತ್ತದೆ. ಮೇಯುತ್ತದೆ. ಇನ್ನು ಮೇಲೆ ಓಡಿಸಬೇಡಿ, ಈ ವರ್ಷವೂ ಬೇಡ, ಮುಂದೆಯೂ ಬೇಡ. ಓಡಿದರೆ ಮೂಳೆ ಮುರಿದು ಬೀಳುತ್ತದೆ, ಬಿದ್ದರೆ ಏಳುವುದಿಲ್ಲ." ಆಮೇಲೆ ಬಂಡೆಗಳನ್ನು ತೋರಿಸಿ, "ಇವನ್ನು ತೆಗೆಸಿದರೆ ಒಪ್ಪಿಗೆ ಕೊಡುತ್ತೇನೆ" ಎಂದರು.

ಗೌಡರು ತೆಗೆಸಿದರು. ಹಿರಿಯರೆಲ್ಲ ಗೋಡೆಗೆ ಹತ್ತಿ ನಿಂತರು, ಮರಳು ಮರಳಿ ಬಂತು, ಒಪ್ಪಿಗೆ ಸಿಕ್ಕಿತು, ಅಕಾಡೆಮಿ ಆಯಿತು, ಹಬ್ಬವೂ ಉಳಿಯಿತು. ಊರಿಗೆ ಊರೇ ಸಂತೋಷಪಟ್ಟಿತು, ಸಂತೋಷಪಟ್ಟ ಮೇಲೆ ಗದಿಗಯ್ಯನವರ ನೆನಪಾಗಿ ಸುಮ್ಮನಾಯಿತು. ಹೋರಿ ಓಡಿ ಹಾದರೆ ಮಾತು ಬರುತ್ತದೆ ಎಂದು ನಾವೆಲ್ಲ ಬಲ್ಲೆವು. ಓಡದೆ ಹಾದರೆ? ಅದನ್ನು ಯಾರೂ ಕಂಡಿರಲಿಲ್ಲ. ಪಾಡ್ಯದ ದಿನ ಹೋರಿಯನ್ನು ನಮ್ಮೂರು ಯಾವತ್ತೂ ನಡೆಯಲು ಬಿಟ್ಟಿರಲಿಲ್ಲ.

ಹಬ್ಬದ ಹಿಂದಿನ ದಿನ ಗುತ್ತೆವ್ವ ನಮ್ಮ ಮನೆಗೆ ಬಂದಳು. ಮಾವ ಪಡಸಾಲೆಯಲ್ಲಿ ವಿಭೂತಿ ಉಂಡೆ ಕಟ್ಟುತ್ತಿದ್ದರು. ಅವಳು ಹೊಸ್ತಿಲ ಹೊರಗೇ ಕೂತು, ಸೆರಗಿನ ತುದಿ ಹಿಂಡುತ್ತಾ, "ಅಯ್ಯಾರ, ನಿಮ್ಮ ಸಾಮಾನು ನಾ ಇಟ್ಕೊಳ್ಳಾಕಿ ಅಲ್ಲ," ಎಂದಳು. "ನಾಳೆ ಇವನ್ನ ತರ್ತೀನಿ. ನೀವ್ ಹೆಂಗ ಅಂತೀರಿ ಹಂಗ." ಮಾವ ಅವಳ ಕೈಗೆ ಒಂದು ವಿಭೂತಿ ಉಂಡೆ ಇಟ್ಟರು. ಗೆಜ್ಜೆ ಒಮ್ಮೆಯೂ ಆಡಲಿಲ್ಲ, ಎರಡು ಸಲವೂ ಆಡಲಿಲ್ಲ.

ಪಾಡ್ಯದ ದಿನ ಅಕಾಡೆಮಿಯ ಓಣಿಯ ಎರಡೂ ಬದಿಗೆ ಜನ. ಕಲಿತ ಹುಡುಗರು ಸಾಲಾಗಿ ನಿಂತಿದ್ದರು. ಒಂದೊಂದೇ ಹೋರಿ ಬಿಟ್ಟರು, ಒಬ್ಬೊಬ್ಬರದೇ ಮಾತು ಬರತೊಡಗಿತು. ವರ್ಷದ ಮೇಲೆ ಬಾಯಿ ತೆರೆದವನು ಏನನ್ನುತ್ತಾನೆ ಎಂದು ಕೇಳುವುದೇ ನಮಗೆ ಅರ್ಧ ಹಬ್ಬ. ಒಬ್ಬ, "ಉಪ್ಪಿನಕಾಯಿಗೆ ಉಪ್ಪ ಜಾಸ್ತಿ ಆಗೇತಿ ಅಂತ ಹೋದ ದೀಪಾವಳಿಯಿಂದ ಹೇಳಬೇಕಂತ ಮಾಡೇನಿ" ಎಂದು ಹೆಂಡತಿಯ ಕಡೆ ತಿರುಗಿದ. ಅವಳು, "ಹೋಗ್ರಿ, ಇನ್ನೊಂದ್ ಹೋರಿ ಬರಾಕತ್ತೈತಿ, ಹಿಡೀರಿ" ಎಂದು ಮುಂದೆ ನೂಕಿದಳು. ಇನ್ನೊಬ್ಬ ಬಾಯಿ ತೆರೆದವನೇ ತನ್ನ ಹೋರಿಯ ಹೆಸರು ಹಿಡಿದು ಅತ್ತ. ಗೂಡುಗಳು ಚೆನ್ನಾಗಿ ಕೆಲಸ ಮಾಡಿದವು. ಒಬ್ಬನಿಗೂ ತರಚಲಿಲ್ಲ.

ಕೊನೆಗೆ ಸರದಾರ ಬಂತು. ಬಲೂನಿಲ್ಲ, ಕೊಬ್ಬರಿ ಸರವಿಲ್ಲ. ಕೊಂಬಿಗೆ ಅರಿಸಿನ ಮಾತ್ರ. ಗುತ್ತೆವ್ವ ಹಗ್ಗ ಹಿಡಿದಿದ್ದಳು, ಹಗ್ಗ ಸಡಿಲವಾಗಿತ್ತು. ಮುಂಗಾಲು ಎತ್ತಿ ಇಟ್ಟು, ತಡೆದು, ಇನ್ನೊಂದು ಎತ್ತಿ ಇಡುತ್ತಾ ಅದು ಮರಳಿನ ಮೇಲೆ ನಡೆಯಿತು. ಕೆಲವರು ತಲೆ ಮೇಲಿನ ಟೋಪಿ ತೆಗೆದರು. ಮಾವ ಓಣಿಯ ನಡುವಿನ ಗೂಡಿನ ಮುಂದೆ ನಿಂತಿದ್ದರು, ನಾನು ಅವರ ಬಗಲಲ್ಲಿ. ಸರದಾರ ಅವರ ಹತ್ತಿರ ಬಂದಾಗ ನಿಂತು, ಒಮ್ಮೆ ಉದ್ದಕ್ಕೆ ಉಸಿರು ಬಿಟ್ಟು, ಅವರನ್ನು ಹಾದು ಮುಂದೆ ಹೋಗಿ ನಿಂತಿತು. ನಾನು ಮಾವನ ತುಟಿ ನೋಡಿದೆ. ತುಟಿ ಅಲುಗಲಿಲ್ಲ. ಊರೇ ನೋಡಿತು.

ಗೌಡರು ಜನರನ್ನು ಸರಿಸಿಕೊಂಡು ಬಂದರು. ಅವರ ಮುಖ ಬಾಡಿತ್ತು. ಜಾರಿದ್ದು ತಮ್ಮ ತಂದೆಯ ಹೆಸರಿನ ಮೇಲಲ್ಲವೇ. "ನಡಿಗಿ ಸಾಲಂಗಿಲ್ಲ," ಎಂದರು. "ನಡದದ್ದು ಲೆಕ್ಕಕ್ಕ ಬರಂಗಿಲ್ಲ. ಗುತ್ತೆವ್ವ, ಹಿಂದಕ್ಕ ತಿರುಗಿಸ್ ಹೋರಿನ. ಇಲ್ಲಿಂದ ಅಲ್ಲೀತನಕ ಓಡಿದ್ರ ಸಾಕು. ಹಿಂದ ಒಂದ್ ಹಲಗಿ ಬಾರಸ್ರಿ, ತಾನ ಓಡ್ತೈತಿ."

"ಬಿದ್ರ?" ಯಾರೋ ಕೇಳಿದರು.

"ಬಿದ್ರ ನಾ ಅದರ ಸಮಾಧಿ ಕಟ್ಟಸ್ತೀನಿ. ಇಲ್ಲಿ ಒಬ್ಬ ಮನಷ್ಯಾನ ಮಾತು ಹೋಗಾಕತ್ತೈತಿ."

ಡಾಕ್ಟರು ಗುಂಪಿನಲ್ಲಿದ್ದರು. ತಡೆಯಲು ಒಂದು ಹೆಜ್ಜೆ ಮುಂದಿಟ್ಟವರು ಮಾವನ ಮುಖ ನೋಡಿ ಹಿಂದೆ ಸರಿದರು. ಹಲಗೆಯವನು ಹಲಗೆ ಎತ್ತಿಕೊಂಡ. ಗುತ್ತೆವ್ವ ಸರದಾರನನ್ನು ಹಿಂದಕ್ಕೆ ತಿರುಗಿಸಿದಳು. "ಅಯ್ಯಾರ," ಎಂದಳು, "ನೀವು ಒಮ್ಮೆ ಗೆಜ್ಜಿ ಆಡಸ್ರಿ ಸಾಕು. ನಾ ಹಗ್ಗಾ ಬಿಡ್ತೀನಿ."

ಮಾವ ಅಲುಗಲಿಲ್ಲ. ನಾನು ಜನ್ಮದಲ್ಲಿ ಯಾರ ಹತ್ತಿರವೂ ಏನೂ ಬೇಡಿದವನಲ್ಲ. ಇಡೀ ವರ್ಷ ರಾತ್ರಿ ಮಲಗುವಾಗ ಮಠದ ಕಡೆ ಕಿವಿ ಇಟ್ಟು, ಏನೂ ಕೇಳಿಸದೆ, ಬಾಯಿಪಾಠ ಬರುವ ಪದ್ಯಗಳನ್ನು ನನ್ನೊಳಗೇ ಅವರ ದನಿಯಲ್ಲಿ ಕೇಳಿಕೊಳ್ಳಲು ನೋಡಿದ್ದೆ. ಈಚೆಗೆ ಆ ದನಿಯೂ ಮಸುಕಾಗುತ್ತಿತ್ತು. ಅವರ ಕೈ ಹಿಡಿದುಕೊಂಡೆ.

"ಮಾವ," ಎಂದೆ, "ಹ್ಞೂಂ ಅನ್ರಿ. ನನ್ನ ಸಲುವಾಗಿ. ಒಮ್ಮೆ ಓಡ್ಲಿ ಅನ್ರಿ."

ಅವರು ನನ್ನ ಕೈಯಿಂದ ಕೈ ಬಿಡಿಸಿಕೊಂಡು, ಅಲ್ಲ ಎನ್ನಲು ಗೆಜ್ಜೆಯ ಕೈ ಎತ್ತಿದರು. ಗೆಜ್ಜೆ ಆಡುವುದಕ್ಕೆ ಮೊದಲೇ ಓಣಿಯ ಎರಡೂ ಕೊನೆಗೆ ಕೇಳಿಸುವಂತೆ, ವರ್ಷವಿಡೀ ಕೇಳದ ದನಿ ಅವರ ಬಾಯಿಂದ ಬಂತು.

"ಒಲ್ಲೆ," ಎಂದರು ಮಾವ. "ಓಡಸಂಗಿಲ್ಲ."